ರಜೆಯ ಓಟ: ಮನೆಯವರು ಏಳುವ ಮೊದಲೇ ಮುಗಿಸಿಬಿಡಿ

ಚಳಿಗಾಲದ ರಜೆಗೆ ಎಂಟು ದಿನ ಸಂಸಾರ ಸಮೇತ ಸೆಕೆಯ ಕಡಲತೀರಕ್ಕೆ ಹೊರಟಿದ್ದೀರಿ, ಓಟ ಬಿಡಬೇಕೋ ಮುಂದುವರಿಸಬೇಕೋ ಅಂತ ಕೇಳಿದ್ದೀರಿ. ಓಡಿ. ಆದರೆ ಮನೆ ಹತ್ತಿರ ಓಡುವ ಹಾಗೆ ಓಡಬೇಡಿ. ಒಂದು ರಜೆಯ ಅರ್ಧ ದಿನ ಹಾಳು ಮಾಡಿಕೊಂಡು ಕಲಿತ ಪಾಠ ಇದು.

ಹೋದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಎಲ್ಲರೂ ನೀರಿಗಿಳಿಯಲು ಹೊರಟಿದ್ದಾಗ, "ಒಂದು ಗಂಟೆಯಲ್ಲಿ ಬಂದೆ" ಅಂತ ಹೇಳಿ ಹತ್ತು ಕಿಲೋಮೀಟರ್ ಓಡಲು ಹೊರಟೆ. ಚಳಿಯಲ್ಲಿ ಸಲೀಸಾಗಿ ಬರುತ್ತಿದ್ದ ವೇಗವನ್ನೇ ಹಿಡಿದೆ. ಆರನೇ ಕಿಲೋಮೀಟರಿಗೆ ಎದೆ ಡವಡವ, ಕಣ್ಣಿಗೆಲ್ಲ ಬೆವರು. ಉಳಿದದ್ದನ್ನು ನಡೆದೇ ಮುಗಿಸಿದೆ. ಮಕ್ಕಳು ಮರಳಲ್ಲಿ ಕೋಟೆ ಕಟ್ಟುತ್ತಿದ್ದರೆ ನಾನು ಪರದೆ ಎಳೆದುಕೊಂಡು ತಲೆನೋವಿನಲ್ಲಿ ಮಲಗಿದ್ದೆ. ನಮ್ಮವರು ಕೇಳಿದ್ದು ಇಷ್ಟೇ: "ನಾಳೆಯೂ ಹೀಗೇನಾ?"

ಸೆಕೆಯಲ್ಲಿ ಓಡುವಾಗ ಹೃದಯಕ್ಕೆ ಎರಡೆರಡು ಕೆಲಸ. ಕಾಲಿನ ಸ್ನಾಯುಗಳಿಗೂ ರಕ್ತ ಹೋಗಬೇಕು, ಮೈ ತಣಿಸಲು ಚರ್ಮಕ್ಕೂ ಹೋಗಬೇಕು. ಅದಕ್ಕೇ ಅದೇ ವೇಗಕ್ಕೆ ಎದೆಬಡಿತ ಏರುತ್ತದೆ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ತೇವ ತುಂಬಿದ ಕಡಲ ಗಾಳಿಯಲ್ಲಿ ಅದು ಆರದೆ ತೊಟ್ಟಿಕ್ಕಿ ಹೋಗುತ್ತದೆ. ಮೈ ಇದಕ್ಕೆ ಒಗ್ಗುತ್ತದೆ, ನಿಜ: ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಆದರೆ ಚೆನ್ನಾಗಿ ಒಗ್ಗಲು 10ರಿಂದ 14 ದಿನ ಬೇಕು. ನಿಮ್ಮದು ಎಂಟು ದಿನದ ರಜೆ. ಅಷ್ಟರಲ್ಲಿ ಬ್ಯಾಗು ಕಟ್ಟುವ ಹೊತ್ತಾಗಿರುತ್ತದೆ.

ಹಾಗಾಗಿ ವಾಚಿನಲ್ಲಿ ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಹೊತ್ತು, ನೋಡುವುದನ್ನೇ ಬಿಡಿ. ಒಟ್ಟು ಎಷ್ಟು ನಿಮಿಷ ಓಡಿದಿರಿ ಅಂತ ಲೆಕ್ಕ ಹಾಕಿ, ಮೂವತ್ತು ನಲವತ್ತು ಸಾಕು. ಪೂರ್ತಿ ವಾಕ್ಯ ಮಾತಾಡಲು ಉಸಿರು ಉಳಿದಿದ್ದರೆ ವೇಗ ಸರಿಯಿದೆ. ಬಾಯಾರಿದಷ್ಟು ನೀರು ಕುಡಿಯಿರಿ. ಭಯಕ್ಕೆ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿದು ಅದೇ ಅಪಾಯವಾದೀತು. ಸೆಕೆಯಲ್ಲೂ ಮೈ ಜುಮ್ಮೆಂದು ಚಳಿಯಾದರೆ ಅಥವಾ ತಲೆ ಸುತ್ತಿದರೆ, ಅಲ್ಲಿಗೇ ನಿಲ್ಲಿಸಿ ನೆರಳಿಗೆ ಹೋಗಿ ಮೈಗೆ ನೀರು ಹಾಕಿಕೊಳ್ಳಿ.

ಹೊತ್ತು ಅಂದರೆ ಬೆಳಗಿನ ಜಾವವೇ. ಆಗಲೂ ಗಾಳಿಯಲ್ಲಿ ತೇವ ಇರುತ್ತದೆ, ಆದರೆ ಬಿಸಿಲಿರುವುದಿಲ್ಲ. ಅದಕ್ಕಿಂತ ಮುಖ್ಯ, ಆ ಹೊತ್ತನ್ನು ಯಾರೂ ನಿಮ್ಮಿಂದ ಕೇಳುವುದಿಲ್ಲ. ನಾನು ಬಟ್ಟೆ, ಶೂ, ಬೀಗದ ಕೈ ಎಲ್ಲ ರಾತ್ರಿಯೇ ಬಚ್ಚಲಲ್ಲಿ ಇಟ್ಟಿರುತ್ತೇನೆ. ಕತ್ತಲಲ್ಲಿ ಚೀಲದ ಜಿಪ್ ಎಳೆದು ಮಗು ಎದ್ದುಬಿಟ್ಟರೆ ಓಟವೂ ಹೋಯಿತು, ಶಾಂತಿಯೂ ಹೋಯಿತು. ಯಾವ ಕಡೆ ಹೋಗುತ್ತೇನೆ, ಎಷ್ಟೊತ್ತಿಗೆ ಬರುತ್ತೇನೆ ಅಂತ ಹೇಳಿರುತ್ತೇನೆ. ಗುರುತಿಲ್ಲದ ಜಾಗವಾದ್ದರಿಂದ ಸುತ್ತು ಹಾಕುವ ಸಾಹಸ ಬೇಡ, ಹೋದ ದಾರಿಯಲ್ಲೇ ತಿರುಗಿ ಬನ್ನಿ.

ಮರಳಿನ ಮೇಲೆ ಓಡುವ ಆಸೆ ಎಲ್ಲರಿಗೂ ಇರುತ್ತದೆ. ಒಣ ಮರಳಲ್ಲಿ ಓಡಲು ಗಟ್ಟಿ ನೆಲದ ಸುಮಾರು 1.6 ಪಟ್ಟು ಶಕ್ತಿ ಬೇಕು, ಮೀನಖಂಡ ಎರಡು ದಿನ ಶಾಪ ಹಾಕುತ್ತದೆ. ನೀರಂಚಿನ ಒದ್ದೆ ಮರಳು ಗಟ್ಟಿ, ಆದರೆ ಅದಕ್ಕೆ ಇಳಿಜಾರು. ಒಂದು ಕಾಲು ಸದಾ ತಗ್ಗಿನಲ್ಲಿ. ಬರಿಗಾಲಾದರೆ ಹತ್ತು ನಿಮಿಷ ಮೀರಬೇಡಿ. ಇನ್ನೊಂದು ತಮಾಷೆ: ಕಡಲಿನ ನೀರು ಹಿಂದೆ ಸರಿಯುವ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೊದಲ ದಿನ ಆರು ಗಂಟೆಗೆ ಸಿಕ್ಕ ಅಗಲವಾದ ಗಟ್ಟಿ ದಾರಿ ವಾರದ ಕೊನೆಗೆ ಅದೇ ಹೊತ್ತಿನಲ್ಲಿ ನೀರಿನಡಿ ಇರಬಹುದು. ನಾನಂತೂ ರಸ್ತೆಯಲ್ಲೇ ಓಡುತ್ತೇನೆ.

ಅಭ್ಯಾಸ ಕೈತಪ್ಪೀತು ಅನ್ನುವ ಚಿಂತೆ ಬೇಡ. ಒಂದು ವಾರ ಕಡಿಮೆ ಓಡಿದರೆ ಕಸುವು ಕರಗುವುದಿಲ್ಲ. ಪೂರ್ತಿ ಬಿಟ್ಟರೂ ಗಮನಕ್ಕೆ ಬರುವ ಇಳಿಕೆಗೆ ಎರಡು ವಾರದಷ್ಟು ಬೇಕು. ಎಂಟು ದಿನದಲ್ಲಿ ನಾಲ್ಕು ಓಟ ಧಾರಾಳವಾಯಿತು. ವೇಗದ ಅಭ್ಯಾಸ, ಉದ್ದದ ಓಟ ಎಲ್ಲ ವಾಪಸ್ ಬಂದ ಮೇಲೆ.

ಒಂದು ಮಾತು ಮಾತ್ರ ನೆನಪಿರಲಿ. ಮಧ್ಯಾಹ್ನ ಮಕ್ಕಳು ನೀರಿಗೆ ಕರೆದಾಗ "ಬೆಳಿಗ್ಗೆ ಓಡಿ ಸುಸ್ತಾಗಿದೆ" ಅನ್ನಬೇಡಿ. ಆ ಮಾತು ಬಾಯಿಗೆ ಬಂದರೆ ಅವತ್ತು ಜಾಸ್ತಿಯಾಯಿತು ಅಂತಲೇ ಲೆಕ್ಕ. ಮುಂದಿನ ಓಟದಲ್ಲಿ ಹತ್ತು ನಿಮಿಷ ಕಡಿಮೆ ಮಾಡಿ.