ಆಕ್ ಓಡಿಸಿದರೆ ‘ರೂ.’ ಸಾಲಿನ ಮೊದಲಿಗೆ ಬರುತ್ತಿದೆ: ಪ್ರತಿಕ್ರಿಯೆ

ಹತ್ತಿ ದರದ ಫೈಲನ್ನು ಆಕ್‌ಗೆ (awk, ಫೈಲನ್ನು ಸಾಲು ಸಾಲಾಗಿ ಓದಿ ಬೇಕಾದಂತೆ ಬರೆದುಕೊಡುವ ಆದೇಶ) ಕೊಟ್ಟರೆ, ದರದ ನಂತರ ಬರಬೇಕಾದ ‘ರೂ.’ ಸಾಲಿನ ಮೊದಲಿಗೆ, ಊರಿನ ಹೆಸರಿನ ಮೇಲೆ ಬರುತ್ತಿದೆ ಎಂದು ಕೇಳಿದ್ದೀರಿ. ನಿಮ್ಮ ಆ ಫೈಲ್ ವಿಂಡೋಸ್‌ನಲ್ಲಿ ಸೇವ್ ಆಗಿರಬೇಕು. ಅಲ್ಲಿ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಎಂಬ ಗುರುತು ಸೇರುತ್ತದೆ. ಅದು ಕರ್ಸರನ್ನು ಸಾಲಿನ ಮೊದಲಿಗೆ ಎಳೆಯುತ್ತದೆ. ಅದಕ್ಕೇ ದರದ ನಂತರ ಬರಬೇಕಾದ ‘ರೂ.’ ಹೋಗಿ ‘ರಾಯಚೂರು’ ಮೇಲೆ ಕೂತಿದೆ. ಸ್ಕ್ರಿಪ್ಟ್ ಸರಿಯಾಗೇ ಇದೆ, ಸುಮ್ನೆ ಅದನ್ನು ಬದಲಿಸಬೇಡಿ.

ಮೊದಲು ಫೈಲ್ ತೋರಿಸುವ ಕ್ಯಾಟ್ ಆದೇಶಕ್ಕೆ ಹೈಫನ್ ಹಾಕಿ ದೊಡ್ಡ ‘ಎ’ ಕೊಟ್ಟು (cat -A) ಫೈಲ್ ನೋಡಿ. ಕನ್ನಡ ಅಕ್ಷರಗಳೆಲ್ಲ ಗೋಜಲಾಗಿ ಕಾಣುತ್ತವೆ, ಗಾಬರಿ ಬೇಡ, ಫೈಲ್ ಕೆಟ್ಟಿಲ್ಲ. ಸಾಲಿನ ಕೊನೆಯ ಡಾಲರ್ ಚಿಹ್ನೆಗೆ ಮುಂಚೆ ‘^ಎಂ’ (^M, ಕ್ಯಾರೇಜ್ ರಿಟರ್ನ್ ಕಾಣುವ ರೂಪ) ಇದ್ದರೆ ಕಾರಣ ಇದೇ.

ಆಮೇಲೆ ಒಂದು ಕಾಪಿ ಇಟ್ಟುಕೊಂಡು, ಈ ಗುರುತನ್ನು ತೆಗೆಯುವ ಡಾಸ್‌2ಯುನಿಕ್ಸ್ (dos2unix) ಓಡಿಸಿ. ಅದು ಇಲ್ಲದಿದ್ದರೆ ಅಕ್ಷರ ಅಳಿಸಬಲ್ಲ ಟಿಆರ್ ಆದೇಶಕ್ಕೆ ಹೈಫನ್ ಡಿ, ಕೋಟ್ ಒಳಗೆ ಬ್ಯಾಕ್‌ಸ್ಲ್ಯಾಶ್ ಆರ್ ಕೊಡಿ (tr -d '\r'). ಔಟ್‌ಪುಟ್ ಹೊಸ ಹೆಸರಿನ ಫೈಲಿಗೇ ಹೋಗಲಿ. ಅದೇ ಫೈಲಿಗೆ ಕಳಿಸಿದರೆ ಎಲ್ಲ ಅಳಿಸಿಹೋಗುತ್ತದೆ.

‘^ಎಂ’ ಕಾಣದಿದ್ದರೆ ಕಾರಣ ಬೇರೆ. ಆಗ ಕ್ಯಾಟ್ ತೋರಿಸಿದ ಮೊದಲ ಎರಡು ಸಾಲು ಇಲ್ಲಿ ಹಾಕಿ.