ಎಸ್‌ಆರ್‌ಎಫ್ ಅಂದರೆ ಯಾವ ಎಸ್‌ಆರ್‌ಎಫ್?

ಪ್ರಶ್ನೆ: ತಳಿ ಅಭಿವೃದ್ಧಿಯಲ್ಲಿ ಎಂ.ಎಸ್ಸಿ. (ಕೃಷಿ) ಮುಗಿಸಿದ್ದೇನೆ. ರಾಗಿ ಯೋಜನೆಯೊಂದರ ವಾಕ್-ಇನ್ ಸಂದರ್ಶನದಲ್ಲಿ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆಗಿ ಆಯ್ಕೆಯಾಗಿದ್ದೇನೆ. ಇನ್ನು ಪಿಎಚ್.ಡಿ. ಆದ ಹಾಗೇ ಎಂದು ಅಪ್ಪ ಖುಷಿಯಲ್ಲಿದ್ದಾರೆ. ಗೆಳತಿಯರು ಮಾತ್ರ, ‘ಸುಮ್ನೆ ಎರಡು ವರ್ಷ ಹಾಳು, ಮನೆಯಲ್ಲಿ ಕೂತು ಪರೀಕ್ಷೆಗೆ ಓದು’ ಎನ್ನುತ್ತಾರೆ. ಏನು ಮಾಡಲಿ?
– ಓದುಗಿ, ಹಿರೇಕೆರೂರು

ಉತ್ತರ: ಸೇರಿಕೊಳ್ಳಿ. ಆದರೆ ಅಪ್ಪನಿಗೆ ಒಂದು ಮಾತು ಬಿಡಿಸಿ ಹೇಳಿ. ಎಸ್‌ಆರ್‌ಎಫ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಅಖಿಲ ಭಾರತ ಪರೀಕ್ಷೆ ಬರೆದು ಗಳಿಸುವುದು. ಅದರಲ್ಲಿ ಕೃಷಿ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಸೀಟು ಸಿಗುತ್ತದೆ, ಮೇಲಿನ ರ‍್ಯಾಂಕಿನವರಿಗೆ ಫೆಲೋಶಿಪ್ ಹಣವೂ ಬರುತ್ತದೆ. ನಿಮಗೆ ಸಿಕ್ಕಿರುವುದು ಇನ್ನೊಂದು. ಅದು ಯೋಜನೆಯ ಕೆಲಸ. ಯೋಜನೆ ಮುಗಿದ ದಿನ ಅದೂ ಮುಗಿಯುತ್ತದೆ. ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ನೆಟ್ ಪರೀಕ್ಷೆಯೂ ಬೇರೆಯೇ. ಅದು ಸಹಾಯಕ ಪ್ರಾಧ್ಯಾಪಕರಾಗಲು ಅರ್ಹತೆ ಕೊಡುತ್ತದೆ, ದುಡ್ಡು ಕೊಡುವುದಿಲ್ಲ.

ಹಾಗಾದರೆ ಯಾಕೆ ಸೇರಬೇಕು? ನಾನೂ ಹೀಗೇ ಒಂದು ರಾಗಿ ಯೋಜನೆಯಲ್ಲಿ ಶುರು ಮಾಡಿದವಳು. ರಾಗಿ ಹೂವು ಅರಳುವುದು ಬೆಳಗಿನ ಜಾವ, ಕತ್ತಲಿರುವಾಗಲೇ. ಟಾರ್ಚ್ ಹಿಡಿದು ತಾಕಿಗೆ ಇಳಿಯುತ್ತಿದ್ದೆವು. ಹೂವು ಎಷ್ಟು ಚಿಕ್ಕದೆಂದರೆ, ತನ್ನದೇ ಪರಾಗ ಸೇರದಿರಲೆಂದು ಅದರಿಂದ ಕೇಸರ ತೆಗೆಯಲು ಹೋದರೆ ಹೂವೇ ಕೆಟ್ಟುಹೋಗುತ್ತದೆ. ಅದಕ್ಕೆ ಹಸಿರು ಗಿಡದ ತೆನೆಯನ್ನೂ ನೇರಳೆ ಬಣ್ಣದ ಗಿಡದ ತೆನೆಯನ್ನೂ ಜೊತೆಗೆ ಕಟ್ಟಿ, ಮೇಲೆ ಚೀಲ ಹಾಕುತ್ತಿದ್ದೆವು. ಹಸಿರು ತಾಯಿಯ ಬೀಜದಿಂದ ಮುಂದಿನ ಹಂಗಾಮಿನಲ್ಲಿ ನೇರಳೆ ಸಸಿ ಎದ್ದರೆ ಕ್ರಾಸ್, ಅಂದರೆ ಎರಡು ಗಿಡಗಳ ಸಂಕರ, ಆಗಿದೆ ಎಂದು ಗೊತ್ತಾಗುತ್ತಿತ್ತು. ಅಂಥ ಮೊದಲ ಸಸಿ ಕಂಡ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ! ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕೂಡಿಸಿ ಇಂಡಾಫ್ ತಳಿಗಳನ್ನು ತಂದರಲ್ವಾ, ಅದರ ಹಿಂದಿನ ಶ್ರಮ ಎಷ್ಟಿತ್ತೆಂದು ನನಗೆ ಅರ್ಥವಾದದ್ದು ತಾಕಿನಲ್ಲೇ. ಪಿಎಚ್.ಡಿ. ಸಂದರ್ಶನದಲ್ಲಿ ನನ್ನನ್ನು ಜಾಸ್ತಿ ಕೇಳಿದ್ದೂ ಈ ಕೆಲಸದ ಬಗ್ಗೆಯೇ.

ಕಷ್ಟವನ್ನೂ ಹೇಳುತ್ತೇನೆ. ಅನುದಾನ ತಡವಾಗಿ ನಾಲ್ಕು ತಿಂಗಳು ನನಗೆ ಸಂಬಳ ಬರಲಿಲ್ಲ. ಬಾಡಿಗೆಗೆ ಅಣ್ಣನ ಹತ್ತಿರ ಕೈ ಚಾಚಿದೆ. ನೀವು ಮೂರು ತಿಂಗಳ ಖರ್ಚಿನ ಹಣ ಇಟ್ಟುಕೊಂಡೇ ಹೋಗಿ. 2023ರಲ್ಲಿ ಕೇಂದ್ರ ಸರ್ಕಾರ ಜೆಆರ್‌ಎಫ್ (ಎಸ್‌ಆರ್‌ಎಫ್‌ಗಿಂತ ಕೆಳಗಿನ ಹಂತದ ಜೂನಿಯರ್ ರಿಸರ್ಚ್ ಫೆಲೋ) ಮೊತ್ತವನ್ನು ತಿಂಗಳಿಗೆ 31,000 ರೂಪಾಯಿಯಿಂದ 37,000ಕ್ಕೆ ಏರಿಸಿತು. ಆದರೆ ಯೋಜನೆಯಿಂದ ಯೋಜನೆಗೆ ಮೊತ್ತ ಬೇರೆ ಇರಬಹುದು. ಆದೇಶಪತ್ರದಲ್ಲಿ ಬರೆದದ್ದಷ್ಟೇ ನಿಮ್ಮದು.

ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಬಿತ್ತನೆ, ಕೊಯ್ಲಿನ ವಾರಗಳಲ್ಲಿ ಪುಸ್ತಕ ಮುಟ್ಟಲು ಆಗುವುದಿಲ್ಲ. ಉಳಿದ ದಿನಗಳಲ್ಲಿ ರಾತ್ರಿ ಎರಡು ತಾಸು ಓದಿಗೆ ಇಟ್ಟುಕೊಳ್ಳಿ.

ಸೇರುವ ಮೊದಲು ಯೋಜನೆಯ ಮುಖ್ಯಸ್ಥರನ್ನು ಕಂಡು ಮೂರು ವಿಷಯ ಕೇಳಿ. ಯೋಜನೆಯ ಅವಧಿ ಇನ್ನೂ ಎಷ್ಟು ತಿಂಗಳಿದೆ? ಪರೀಕ್ಷೆಗೆ ರಜೆ ಕೊಡುತ್ತೀರಾ? ನಾನು ತೆಗೆದ ದತ್ತಾಂಶದಿಂದ ಪ್ರಬಂಧ ಬಂದರೆ ಅದರಲ್ಲಿ ನನ್ನ ಹೆಸರು ಇರುತ್ತದೆಯೇ? ಮೂರನೆಯದನ್ನು ಕೇಳಲು ನಾನು ಸಂಕೋಚಪಟ್ಟಿದ್ದೆ. ನೀವು ಪಡಬೇಡಿ.