ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗಿದೆ, ಹಾರ್ಡ್ ಡಿಸ್ಕ್ ಕೆಟ್ಟಿದೆಯಾ ಅಂತ ತಿಳಿಯೋದು ಹೇಗೆ?

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಹಳೆಯ ಲ್ಯಾಪ್‌ಟಾಪ್, 1 ಟಿಬಿ ಹಾರ್ಡ್ ಡಿಸ್ಕ್. ಬೇರೆ ಕೆಲಸ ಹೇಗೋ ನಡೆಯುತ್ತದೆ, ಆದರೆ ತಂಗಿಯ ಮದುವೆ ಫೋಟೋಗಳ ಫೋಲ್ಡರ್ ತೆರೆದರೆ ಮಾತ್ರ ಎಲ್ಲವೂ ನಿಂತುಬಿಡುತ್ತದೆ ಎಂದು ಬರೆದಿದ್ದೀರಿ. ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳಿದ್ದಾರೆ. ದಯವಿಟ್ಟು ಈಗಲೇ ಫಾರ್ಮ್ಯಾಟ್ ಮಾಡಿಸಬೇಡಿ. ಮೊದಲು ಫೋಟೋ ಕಾಪಿ ಆಗಲಿ. ಪರೀಕ್ಷೆ ಆಮೇಲೆ. ಫಾರ್ಮ್ಯಾಟ್ ಮಾತು ಕೊನೆಗೆ.

ಕಂಪ್ಯೂಟರ್ ರಿಪೇರಿಯೇ ನನ್ನ ಕೆಲಸ. ಯಾರೇ ಸ್ಲೋ ಅಂತ ಬಂದರೂ ನಾನು ಮೊದಲು ಕೇಳುವುದು ಇದನ್ನೇ: ಎಲ್ಲಾ ಕಡೆ ಸ್ಲೋನಾ, ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾ? ಎಲ್ಲಾ ಕಡೆ ಒಂದೇ ಥರ ನಿಧಾನ ಇದ್ದರೆ ಡಿಸ್ಕ್ ಆರೋಗ್ಯವಾಗಿಯೇ ಇರಬಹುದು. ತಿರುಗುವ ಡಿಸ್ಕಿನ ಮೇಲೆ ವಿಂಡೋಸ್ 10 ಅಥವಾ 11 ಓಡುವುದೇ ಕಷ್ಟ. ಆದರೆ ಪ್ರತಿ ಸಲ ಅದೇ ಫೋಲ್ಡರ್, ಅದೇ ಫೈಲಿನ ಹತ್ತಿರ ನಿಂತರೆ ಅನುಮಾನ ಡಿಸ್ಕಿನ ಮೇಲೆಯೇ.

ಯಾಕೆ ನಿಲ್ಲುತ್ತದೆ ಅಂದರೆ, ಲ್ಯಾಪ್‌ಟಾಪ್ ಡಿಸ್ಕ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಒಂದು ಸೆಕ್ಟರ್, ಅಂದರೆ ಡೇಟಾ ಬರೆದಿಡುವ ಒಂದು ಚಿಕ್ಕ ಜಾಗ, ಸರಿಯಾಗಿ ಓದಲು ಬರದಿದ್ದರೆ ಡಿಸ್ಕ್ ತಕ್ಷಣ ಕೈಚೆಲ್ಲುವುದಿಲ್ಲ. ಇನ್ನೊಂದು ಸುತ್ತು ಕಾಯುತ್ತದೆ, ಮತ್ತೆ ಓದುತ್ತದೆ. ಹೀಗೆ ನೂರಾರು ಸಲ. ಒಂದೇ ಒಂದು ಸೆಕ್ಟರಿಗೆ ಎಷ್ಟೋ ಸೆಕೆಂಡ್ ಹೋಗಿಬಿಡುತ್ತದೆ. ಅಷ್ಟು ಹೊತ್ತೂ ವಿಂಡೋಸ್ ಕಾಯುತ್ತಾ ಕೂತಿರುತ್ತದೆ. ಮೌಸ್ ಓಡಾಡುತ್ತದೆ, ಏನೂ ತೆರೆಯುವುದಿಲ್ಲ. ನೀವು ನೋಡುತ್ತಿರುವುದು ಇದೇ ಅಲ್ವಾ?

ಇದನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ಕಣ್ಣಾರೆ ನೋಡಬಹುದು. ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಡಿಸ್ಕ್ ಒತ್ತಿ. 100% ಅಂತ ತೋರಿಸಿದ ಮಾತ್ರಕ್ಕೆ ಗಾಬರಿ ಬೇಡ. ಕಂಪ್ಯೂಟರ್ ಆನ್ ಆದ ಹೊಸದರಲ್ಲಿ ಒಳ್ಳೆಯ ಡಿಸ್ಕೂ ಹಾಗೆ ತೋರಿಸುತ್ತದೆ. ಅದರ ಕೆಳಗೆ ಓದುವ ವೇಗ ಮತ್ತು ಸರಾಸರಿ ರೆಸ್ಪಾನ್ಸ್ ಟೈಮ್ ಇರುತ್ತದೆ, ಅದನ್ನು ನೋಡಿ. 100% ಇದ್ದು ಎಂಬಿಗಟ್ಟಲೆ ಡೇಟಾ ಓಡುತ್ತಿದ್ದರೆ ಡಿಸ್ಕ್ ಕೆಲಸ ಮಾಡುತ್ತಿದೆ ಎಂದರ್ಥ. 100% ಇದ್ದೂ ವೇಗ ಸೊನ್ನೆಯ ಹತ್ತಿರ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಇದ್ದರೆ, ಅದು ಒಂದೇ ಜಾಗದಲ್ಲಿ ಒದ್ದಾಡುತ್ತಿದೆ. ವಿಂಡೋಸ್ ತಾನು ಕಂಡ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂಯರ್‌ನ ಸಿಸ್ಟಮ್ ಲಾಗಿನಲ್ಲಿ ಡಿಸ್ಕ್ ಹೆಸರಿನ ಕೆಳಗೆ ಈವೆಂಟ್ ಐಡಿ 7 ಇದ್ದರೆ ಬ್ಯಾಡ್ ಬ್ಲಾಕ್ (ಕೆಟ್ಟ ಜಾಗ) ಸಿಕ್ಕಿದೆ ಎಂದು ವಿಂಡೋಸೇ ಬರೆದಿಟ್ಟಿದೆ.

ಮುಂದಿನದು ಸ್ಮಾರ್ಟ್ ವರದಿ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶದಲ್ಲಿ ಅದು ಕಾಣುತ್ತದೆ. ಸಾಲುಗಳು ಬಹಳ ಇರುತ್ತವೆ, ನೀವು ನೋಡಬೇಕಾದದ್ದು ನಾಲ್ಕೇ. 05 ಅಂದರೆ ಈಗಾಗಲೇ ಕೆಟ್ಟು, ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು. ಸಿ5 ಅಂದರೆ ಓದಲು ಆಗದೆ ಇನ್ನೂ ತೀರ್ಮಾನವಾಗದೆ ಉಳಿದವು. ಸಿ6 ಅಂದರೆ ಡಿಸ್ಕಿನ ಸ್ವಂತ ತಪಾಸಣೆಯಲ್ಲೂ ಓದಲು ಬರದವು. ನಿಮ್ಮ ಲಕ್ಷಣ ನೋಡಿದರೆ ಸಿ5 ಸೊನ್ನೆ ಇರಲಾರದು. ಒಂದು ಎಚ್ಚರಿಕೆ: ಈ ತಂತ್ರಾಂಶ ಸಂಖ್ಯೆಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಕೊನೆಯಲ್ಲಿ 18 ಎಂದು ಕಂಡರೆ ಅದು ನಮ್ಮ ಲೆಕ್ಕದಲ್ಲಿ 24. ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07ನೇ ಸಾಲಿನಲ್ಲಿ ಭಾರಿ ದೊಡ್ಡ ಸಂಖ್ಯೆ ಇರುತ್ತದೆ. ಅದು ಆ ಕಂಪನಿ ಲೆಕ್ಕ ಬರೆಯುವ ರೀತಿ, ಸುಮ್ನೆ ಹೆದರಬೇಡಿ.

ನಾಲ್ಕನೆಯದು ಸಿ7. ಇದು ಡಿಸ್ಕಿನದ್ದಲ್ಲ, ಸಾಮಾನ್ಯವಾಗಿ ಕೇಬಲ್ ಅಥವಾ ಕನೆಕ್ಟರಿನ ತೊಂದರೆ. ಒಂದು ಫೋಟೋ ಸ್ಟುಡಿಯೋದವರು ಡಿಸ್ಕ್ ಹೋಗಿದೆ ಎಂದು ಬೇರೆ ಯಾರೋ ಹೇಳಿದ್ದನ್ನು ನಂಬಿ ಡೆಸ್ಕ್‌ಟಾಪ್ ತಂದಿದ್ದರು. 05, ಸಿ5, ಸಿ6 ಮೂರೂ ಸೊನ್ನೆ. ಸಿ7 ಮಾತ್ರ ಕಣ್ಣೆದುರಿಗೇ ಏರುತ್ತಿತ್ತು. ಕ್ಯಾಬಿನೆಟ್ ಮುಚ್ಚಳಕ್ಕೆ ಸಿಕ್ಕಿ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಮಡಚಿಹೋಗಿತ್ತು. ಕೇಬಲ್ ಬದಲಾಯಿಸಿದ ಮೇಲೆ ಏರುವುದು ನಿಂತಿತು. ಹಳೆಯ ಸಂಖ್ಯೆ ಅಳಿಯುವುದಿಲ್ಲ, ಹಾಗಾಗಿ ಈಗಲೂ ಏರುತ್ತಿದೆಯಾ ಅನ್ನುವುದನ್ನಷ್ಟೇ ನೋಡಬೇಕು.

ಎಲ್ಲಾ ಸೊನ್ನೆ ಇದ್ದರೆ ನೆಮ್ಮದಿಯಾಗಿ ಇರಬಹುದಾ? ಇಲ್ಲ. ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಒಂದು ವರದಿ ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. 05, ಸಿ5, ಸಿ6ರಲ್ಲಿ ಸಂಖ್ಯೆ ಇದ್ದರೆ ಅಪಾಯ ಹೆಚ್ಚು. ಇಲ್ಲದಿದ್ದರೆ ಸುರಕ್ಷಿತ ಎಂದು ಹೇಳಲು ಬರುವುದಿಲ್ಲ.

ಈಗ ಫಾರ್ಮ್ಯಾಟ್ ವಿಷಯ. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಓದಲು ಬಾರದ ಸೆಕ್ಟರಿನ ಮೇಲೆ ಹೊಸದಾಗಿ ಬರೆದಾಗ ಡಿಸ್ಕ್ ಅದನ್ನು ಸರಿಮಾಡಿಕೊಳ್ಳುತ್ತದೆ, ಇಲ್ಲವೇ ಬದಲಿ ಜಾಗಕ್ಕೆ ಕಳಿಸುತ್ತದೆ. ಫುಲ್ ಫಾರ್ಮ್ಯಾಟ್ ಇಡೀ ಪಾರ್ಟಿಷನ್ ಮೇಲೆ ಸೊನ್ನೆ ಬರೆಯುತ್ತದೆ. ಹಾಗಾಗಿ ಆ ಜಾಗದ ಸಿ5 ಇಳಿಯುತ್ತದೆ, ಲ್ಯಾಪ್‌ಟಾಪ್ ಚುರುಕಾಗುತ್ತದೆ. ಫೋಟೋ ಮಾತ್ರ ಇರುವುದಿಲ್ಲ. ಸವೆದ ಡಿಸ್ಕ್ ಇನ್ನೊಂದು ಕಡೆ ಮತ್ತೆ ಕೈಕೊಡುತ್ತದೆ. ವಿಂಡೋಸಿನ ಡಿಸ್ಕ್ ತಪಾಸಣೆಯ ಚೆಕ್‌ಡಿಸ್ಕ್ ಅನ್ನು ಆರ್ ಆಯ್ಕೆಯೊಂದಿಗೆ ಓಡಿಸುವುದೂ ಈಗ ಬೇಡ. ಅದು ಇಡೀ ಡಿಸ್ಕನ್ನು ಓದುತ್ತದೆ. ಸಾಯುತ್ತಿರುವ ಡಿಸ್ಕಿಗೆ ಉಳಿದಿರುವ ಶಕ್ತಿ ನಿಮ್ಮ ಫೋಟೋಗೆ ಖರ್ಚಾಗಲಿ.

ಕಾಪಿ ಮಾಡುವಾಗ ಒಂದು ಹೊಸ ಎಕ್ಸ್‌ಟರ್ನಲ್ ಡಿಸ್ಕ್ ತನ್ನಿ. ಇಡೀ ಸಿ ಡ್ರೈವ್ ಎಳೆಯಬೇಡಿ, ಮತ್ತೆ ಸಿಗದೇ ಇರುವುದನ್ನು ಮೊದಲು ತೆಗೆಯಿರಿ. ಅದರಲ್ಲೂ ತೊಂದರೆ ಕೊಡದ ಫೋಲ್ಡರುಗಳು ಮೊದಲು, ಸಿಕ್ಕಿಹಾಕಿಕೊಳ್ಳುವ ಫೋಲ್ಡರ್ ಆಮೇಲೆ. ಮಾಮೂಲಿ ಕಾಪಿ ಪೇಸ್ಟ್ ಒಂದೇ ಫೈಲಿಗೆ ನಿಂತರೆ ವಿಂಡೋಸಿನಲ್ಲೇ ಇರುವ ರೋಬೋಕಾಪಿ ಬಳಸಿ. ಆದರೆ ಆರ್ (ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕು) ಮತ್ತು ಡಬ್ಲ್ಯೂ (ನಡುವೆ ಎಷ್ಟು ಸೆಕೆಂಡ್ ಕಾಯಬೇಕು) ಆಯ್ಕೆ ಎರಡನ್ನೂ 1 ಎಂದು ಕೊಡಲೇಬೇಕು. ಕೊಡದಿದ್ದರೆ ಅದು ಕೆಟ್ಟ ಫೈಲನ್ನು 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ! ಉಳಿದವನ್ನು ತೆಗೆಯಲು ಲಿನಕ್ಸ್‌ನ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಇದೆ. ಅದು ಒಳ್ಳೆಯ ಜಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಗೆ ಬರುತ್ತದೆ. ಬಳಸಿ ಅಭ್ಯಾಸ ಇರುವವರ ಕೈಲಿ ಮಾಡಿಸಿ. ಮೂಲ ಡಿಸ್ಕ್ ಯಾವುದು, ಹೊಸದು ಯಾವುದು ಎಂದು ಅದಲು ಬದಲಾದರೆ ಎಲ್ಲವೂ ಅಳಿಸಿಹೋಗುತ್ತದೆ.

ಡಿಸ್ಕ್ ಟಕ್ ಟಕ್ ಎಂದು ಒಂದೇ ಸಮನೆ ಶಬ್ದ ಮಾಡತೊಡಗಿದರೆ ಇದ್ಯಾವುದೂ ಬೇಡ. ತಕ್ಷಣ ಆಫ್ ಮಾಡಿ, ಡೇಟಾ ರಿಕವರಿ ಲ್ಯಾಬಿಗೆ ಕೊಡಿ. ಮನೆಯಲ್ಲಿ ಬಿಚ್ಚಬೇಡಿ. ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ, ಒಂದು ಧೂಳಿನ ಕಣ ಸಾಕು ಗೀರು ಬೀಳಲು. ಫ್ರೀಜರಿನಲ್ಲಿ ಇಡುವ ಉಪಾಯ ಹೇಳುವವರೂ ಇದ್ದಾರೆ, ಕೇಳಬೇಡಿ.

ಫೋಟೋಗಳು ಹೊಸ ಡಿಸ್ಕಿಗೆ ಬಂದ ಮೇಲೆ ಕೆಲವನ್ನು ತೆರೆದು ನೋಡಿ. ಆಮೇಲೆ ಅದೇ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್) ಹಾಕಿಸಿ, ವಿಂಡೋಸ್ ಹೊಸದಾಗಿ ಹಾಕಿಸಿಕೊಳ್ಳಿ. ಸ್ಲೋ ಅನ್ನುವ ದೂರು ಅಲ್ಲಿಗೆ ಮುಗಿಯುತ್ತದೆ. ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ವಾಪಸ್ ಕೇಳಿ ತೆಗೆದುಕೊಳ್ಳಿ.